ಕೃತಕ ಬಿಸಿಲಿನ ವ್ಯಾಪಾರ ಮತ್ತು ಕಾನೂನಿನ ವಿಳಂಬ

2007ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಕ್ಲೇರ್ ಆಲಿವರ್ ಎಂಬ ಯುವತಿ ಚರ್ಮದ ಕ್ಯಾನ್ಸರ್‌ನಿಂದ ನಿಧನರಾದರು. ಅವರಿಗೆ ಆಗಷ್ಟೇ 26 ವರ್ಷ ತುಂಬಿತ್ತು. ಮೈಬಣ್ಣವನ್ನು ಕಂದಾಗಿಸಿಕೊಳ್ಳಲು ತಾವು ಬಳಸಿದ್ದ ಕೃತಕ ಬಿಸಿಲಿನ ಯಂತ್ರವೂ ಈ ರೋಗಕ್ಕೆ ಕಾರಣ ಎಂದು ನಂಬಿದ್ದ ಅವರು, ಬದುಕಿನ ಕೊನೆಯ ವಾರಗಳನ್ನು ಇತರ ಯುವಜನರನ್ನು ಎಚ್ಚರಿಸುವುದಕ್ಕೆ ಮೀಸಲಿಟ್ಟಿದ್ದರು. ಆ ಸಾವಿನ ಬಳಿಕ ಸುಮಾರು ಏಳು ವರ್ಷಗಳಿಗೆ ಆಸ್ಟ್ರೇಲಿಯದ ಬಹುತೇಕ ರಾಜ್ಯಗಳು ಈ ವ್ಯಾಪಾರವನ್ನೇ ನಿಷೇಧಿಸಿದವು. ಅಪಾಯದ ಅರಿವಿಗೂ ಕಾನೂನಿನ ಕ್ರಮಕ್ಕೂ ನಡುವೆ ಕಳೆದುಹೋಗುವ ಕಾಲಕ್ಕೆ ಯಾರು ಬೆಲೆ ತೆರುತ್ತಾರೆ ಎಂಬುದು ಈ ಪ್ರಕರಣ ಎತ್ತಿದ ಪ್ರಶ್ನೆ.

ನಮ್ಮಲ್ಲಿ ಅನೇಕರಿಗೆ ಈ ಉದ್ಯಮವೇ ವಿಚಿತ್ರವಾಗಿ ತೋರಬಹುದು. ‘ಬಿಸಿಲಿಗೆ ಹೋಗಬೇಡ, ಕಪ್ಪಗಾಗುತ್ತೀ’ ಎಂದು ಮಕ್ಕಳನ್ನು ಒಳಗೆ ಕರೆಯುವ ಸಮಾಜ ನಮ್ಮದು. ಹಣ ಕೊಟ್ಟು ಮೈ ಕಂದಿಸಿಕೊಳ್ಳುವವರೂ ಇದ್ದಾರೆಂದರೆ ನಗು ಬರುವುದು ಸಹಜ. ಆದರೆ ಆ ಕಥೆಯನ್ನು ಪೂರ್ತಿ ಕೇಳಿದರೆ ನಗು ಮಾಯವಾಗುತ್ತದೆ.

ಚಿಕಿತ್ಸೆಯಿಂದ ಷೋಕಿಗೆ

ಸನ್‌ಬೆಡ್ ಅಥವಾ ಟ್ಯಾನಿಂಗ್ ಬೆಡ್ ಎಂದರೆ ಮುಚ್ಚಳವುಳ್ಳ ಮಂಚದಂಥ ಯಂತ್ರ. ಮೇಲೂ ಕೆಳಗೂ ಟ್ಯೂಬ್‌ಲೈಟ್‌ನಂಥ ದೀಪಗಳ ಸಾಲು. ಅವುಗಳಿಂದ ಹೊಮ್ಮುವುದು ಕಣ್ಣಿಗೆ ಕಾಣದ ಅತಿನೇರಳೆ ಕಿರಣ. ಗ್ರಾಹಕರು ಕಣ್ಣಿಗೆ ರಕ್ಷಾಕವಚ ಹಾಕಿಕೊಂಡು ಕೆಲವು ನಿಮಿಷ ಅದರೊಳಗೆ ಮಲಗುತ್ತಾರೆ. ವಾರಕ್ಕೆ ಕೆಲವು ಬಾರಿ ಹೀಗೆ ಮಾಡಿದರೆ ಬಿಳಿಯ ಮೈ ಕಂದುಬಣ್ಣಕ್ಕೆ ತಿರುಗುತ್ತದೆ.

ಯೂರೋಪಿನಲ್ಲಿ 19ನೇ ಶತಮಾನದವರೆಗೆ ಬಿಸಿಲಿಗೆ ಕಂದಿದ ಮೈ ಹೊಲದಲ್ಲಿ ದುಡಿಯುವವರ ಗುರುತಾಗಿತ್ತು. ಬಿಳಿಚಿದ ಚರ್ಮವೇ ಕುಲೀನತೆಯ ಲಕ್ಷಣ. ಕಾರ್ಖಾನೆಗಳು ಬಂದು ದುಡಿಯುವ ವರ್ಗ ಸೂರಿನಡಿ ಸೇರಿದ ಮೇಲೆ ಲೆಕ್ಕ ತಿರುಗುಮುರುಗಾಯಿತು. ಕಡಲತೀರದಲ್ಲಿ ರಜೆ ಕಳೆಯುವ ಪುರುಸೊತ್ತು, ಹಣ ಎರಡೂ ಇದ್ದವರ ಮೈ ಕಂದಿತು. 1920ರ ದಶಕದ ಹೊತ್ತಿಗೆ ಅದೇ ಫ್ಯಾಷನ್ ಎನಿಸಿತು. ಇದೇ ಕಾಲಘಟ್ಟದಲ್ಲಿ ಬೆಳಕಿಗೆ ವೈದ್ಯಕೀಯ ಮನ್ನಣೆಯೂ ದೊರೆತಿತ್ತು. ಚರ್ಮದ ಕ್ಷಯವನ್ನು ದೀಪದ ಕಿರಣಗಳಿಂದ ಗುಣಪಡಿಸಿದ ಡೆನ್ಮಾರ್ಕ್‌ನ ವೈದ್ಯ ನೀಲ್ಸ್ ಫಿನ್ಸೆನ್ 1903ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಆಸ್ಪತ್ರೆಯ ದೀಪ ಸೌಂದರ್ಯದ ಅಂಗಡಿಗೆ ಬರಲು ಏಳು ದಶಕ ಹಿಡಿಯಿತು. 1970ರ ದಶಕದಲ್ಲಿ ಜರ್ಮನಿಯ ಫ್ರೀಡ್ರಿಕ್ ವೋಲ್ಫ್ ರೂಪಿಸಿದ ಸನ್‌ಬೆಡ್, ದಶಕದ ಕೊನೆಯಲ್ಲಿ ಅಮೆರಿಕದ ಮಾರುಕಟ್ಟೆಯನ್ನೂ ಪ್ರವೇಶಿಸಿತು.

ಬಣ್ಣವಲ್ಲ, ಗಾಯ

ಕಂದುಬಣ್ಣವನ್ನು ಆರೋಗ್ಯದ ಹೊಳಪು ಎಂದು ಮಾರಿದ್ದೇ ಈ ವ್ಯಾಪಾರದ ಮೂಲ ಸುಳ್ಳು. ಅತಿನೇರಳೆ ಕಿರಣ ತಾಗಿದಾಗ ಚರ್ಮದ ಜೀವಕೋಶಗಳ ಒಳಗಿನ ಡಿಎನ್‌ಎ ಹಾನಿಗೊಳ್ಳುತ್ತದೆ. ಆ ಹಾನಿಗೆ ಪ್ರತಿಕ್ರಿಯೆಯಾಗಿ ದೇಹ ಮೆಲನಿನ್ ಎಂಬ ವರ್ಣದ್ರವ್ಯವನ್ನು ಹೆಚ್ಚು ತಯಾರಿಸುತ್ತದೆ. ಅಂದರೆ ಬಣ್ಣ ಕಾಣಿಸಿಕೊಳ್ಳುವ ಹೊತ್ತಿಗೆ ಗಾಯ ಆಗಿರುತ್ತದೆ. ‘ಮೊದಲೇ ಮೈ ಕಂದಿಸಿಕೊಂಡರೆ ಬೇಸಿಗೆಯ ಬಿಸಿಲಿನಿಂದ ರಕ್ಷಣೆ’ ಎಂಬ ಪ್ರಚಾರವೂ ಹುರುಳಿಲ್ಲದ್ದು. ಹೀಗೆ ಬಂದ ಬಣ್ಣ ಕೊಡುವ ರಕ್ಷಣೆ ಎಸ್‌ಪಿಎಫ್ 3 ಅಥವಾ 4ರಷ್ಟು ಮಾತ್ರ. ವಿಟಮಿನ್ ಡಿ ವಾದವೂ ಇಷ್ಟೇ ಪೊಳ್ಳು. ಆ ವಿಟಮಿನ್ ಉತ್ಪತ್ತಿಗೆ ಬೇಕಾದುದು ಅತಿನೇರಳೆಯ ‘ಬಿ’ ಕಿರಣ; ಆಧುನಿಕ ಸನ್‌ಬೆಡ್‌ಗಳು ಹೊಮ್ಮಿಸುವುದು ಬಹುಪಾಲು ‘ಎ’ ಕಿರಣ.

2009ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಸಾಧನಗಳನ್ನು ಮೊದಲನೇ ಗುಂಪಿನ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ತಂಬಾಕು, ಕಲ್ನಾರು ಇರುವುದೂ ಇದೇ ಪಟ್ಟಿಯಲ್ಲಿ. ಇವೆಲ್ಲ ಸಮಾನ ಪ್ರಮಾಣದಲ್ಲಿ ಅಪಾಯಕಾರಿ ಎಂದು ಇದರ ಅರ್ಥವಲ್ಲ. ಕ್ಯಾನ್ಸರ್ ತರುತ್ತವೆ ಎಂಬುದಕ್ಕೆ ಪುರಾವೆ ಖಚಿತ ಎಂದರ್ಥ. 35 ವರ್ಷಕ್ಕೆ ಮೊದಲು ಸನ್‌ಬೆಡ್ ಬಳಸಲು ಆರಂಭಿಸಿದವರಲ್ಲಿ ಮೆಲನೋಮ ಎಂಬ ಮಾರಕ ಚರ್ಮದ ಕ್ಯಾನ್ಸರ್‌ನ ಸಂಭವ ಶೇ 75ರಷ್ಟು ಹೆಚ್ಚು ಎಂದು ಇದೇ ಸಂಸ್ಥೆಯ 2006ರ ವಿಶ್ಲೇಷಣೆ ಹೇಳಿತ್ತು. ಇನ್ನೂ ಹೆಚ್ಚು ಅಧ್ಯಯನಗಳನ್ನು ಒಳಗೊಂಡ 2012ರ ವಿಶ್ಲೇಷಣೆಯ ಪರಿಷ್ಕೃತ ಅಂಕಿ ಶೇ 59. ಅಂಕಿ ಇಳಿದಿದ್ದರೂ ದಿಕ್ಕು ಬದಲಾಗಲಿಲ್ಲ. ಎಷ್ಟು ಎಳೆಯ ವಯಸ್ಸೋ ಅಷ್ಟು ಅಪಾಯ.

ಮಾರುವವರ ಮಾತು

ಪುರಾವೆ ಖಚಿತವಾದ ಮೇಲೂ ಅಂಗಡಿಗಳು ಮಾತು ಬದಲಿಸಲಿಲ್ಲ. ಸನ್‌ಬೆಡ್ ಸುರಕ್ಷಿತ ಎಂಬ ಸುಳ್ಳು ಪ್ರಚಾರಕ್ಕಾಗಿ ಅಮೆರಿಕದ ಉದ್ಯಮ ಸಂಘದ ಮೇಲೆ 2010ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಕ್ರಮ ಜರುಗಿಸಬೇಕಾಯಿತು. 2012ರಲ್ಲಿ ಅಮೆರಿಕ ಸಂಸತ್ತಿನ ಸಮಿತಿಯೊಂದರ ಡೆಮಾಕ್ರಟಿಕ್ ಸದಸ್ಯರು ಬಿಡುಗಡೆ ಮಾಡಿದ ತನಿಖಾ ವರದಿ ಇನ್ನಷ್ಟು ಕಳವಳಕಾರಿ. ತನಿಖಾಧಿಕಾರಿಗಳು ಹದಿಹರೆಯದ ಬಿಳಿಯ ಹುಡುಗಿಯರ ಸೋಗಿನಲ್ಲಿ 300 ಸಲೂನ್‌ಗಳಿಗೆ ಫೋನ್ ಮಾಡಿದ್ದರು. ಶೇ 90ರಷ್ಟು ಕಡೆ ಸಿಕ್ಕ ಉತ್ತರ: ಯಾವ ಅಪಾಯವೂ ಇಲ್ಲ.

ಗ್ರಾಹಕರ ಆಯ್ಕೆಯ ಸ್ವಾತಂತ್ರ್ಯ ಎಂಬುದು ಉದ್ಯಮದ ಮುಖ್ಯ ವಾದ. ಸಿಗರೇಟು, ಮದ್ಯ ಮಾರಲು ಅವಕಾಶವಿರುವಾಗ ಸನ್‌ಬೆಡ್‌ಗೆ ಮಾತ್ರ ಏಕೆ ನಿರ್ಬಂಧ ಎಂಬ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಆದರೆ ಕೊಳ್ಳುವವರಿಗೆ ಸತ್ಯ ತಿಳಿದಿದ್ದಾಗ ಮಾತ್ರ ಆಯ್ಕೆ ಎಂಬ ಮಾತಿಗೆ ಅರ್ಥ. ಹತ್ತರಲ್ಲಿ ಒಂಬತ್ತು ಅಂಗಡಿಗಳು ಅಪಾಯವನ್ನು ಮರೆಮಾಚುವ ಪೇಟೆಯಲ್ಲಿ ಹದಿನಾರರ ಹುಡುಗಿ ಮಾಡುವುದು ಆಯ್ಕೆಯಲ್ಲ, ಮೋಸಹೋಗುವುದು.

ಅರೆಮನಸ್ಸಿನ ಕ್ರಮಗಳು

ಸರ್ಕಾರಗಳು ಹಿಡಿದ ಹಾದಿ ಬಗೆಬಗೆ. ಫ್ರಾನ್ಸ್ 1997ರಷ್ಟು ಹಿಂದೆಯೇ 18 ವರ್ಷದೊಳಗಿನವರಿಗೆ ಸನ್‌ಬೆಡ್ ನಿಷೇಧಿಸಿತ್ತು. 2009ರಲ್ಲಿ ಜರ್ಮನಿ ಅದನ್ನು ಅನುಸರಿಸಿತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಾಗಿ ಬ್ರಿಟನ್ 2010ರಲ್ಲಿ ಕಾಯ್ದೆ ಮಾಡಿತು. ಅಮೆರಿಕದಲ್ಲಿ 2010ರ ಜುಲೈ 1ರಿಂದ ಈ ಸೇವೆಯ ಮೇಲೆ ಶೇ 10ರ ತೆರಿಗೆ ಜಾರಿಗೆ ಬಂತು. ಮೊದಲು ಪ್ರಸ್ತಾಪವಾಗಿದ್ದು ಸೌಂದರ್ಯ ಶಸ್ತ್ರಚಿಕಿತ್ಸೆಯ ಮೇಲಿನ ತೆರಿಗೆ. ಅದು ಕೈಬಿಟ್ಟುಹೋಗಿ ಹೊರೆ ಟ್ಯಾನಿಂಗ್ ಸಲೂನ್‌ಗಳ ಮೇಲೆ ಬಿದ್ದಿತು. ಕ್ಯಾಲಿಫೋರ್ನಿಯ 2012ರಿಂದ ಅಪ್ರಾಪ್ತರಿಗೆ ನಿಷೇಧ ಹೇರಿತು. ಆದರೆ ವಯೋಮಿತಿ ಇರುವಲ್ಲಿ 18ರ ಹುಟ್ಟುಹಬ್ಬದ ಮರುದಿನ ಅಂಗಡಿಯ ಬಾಗಿಲು ತೆರೆದೇ ಇರುತ್ತದೆ. ಚರ್ಮಕ್ಕೆ ಮಾತ್ರ ಆ ಗಡಿಯ ಪರಿವೆಯಿಲ್ಲ.

ಸೌಂದರ್ಯಕ್ಕಾಗಿ ಸನ್‌ಬೆಡ್ ಬಳಕೆಯನ್ನು ವಯಸ್ಸಿನ ಭೇದವಿಲ್ಲದೆ 2009ರ ನವೆಂಬರ್‌ನಲ್ಲಿ ನಿಷೇಧಿಸಿದ ಮೊದಲ ದೇಶ ಬ್ರೆಜಿಲ್. ಆಸ್ಟ್ರೇಲಿಯದಲ್ಲಿ ನ್ಯೂ ಸೌತ್ ವೇಲ್ಸ್ 2012ರಲ್ಲಿ ನಿರ್ಧಾರ ಪ್ರಕಟಿಸಿತು. ಉದ್ಯಮಕ್ಕೆ ಕಾಲಾವಕಾಶ ಕೊಟ್ಟು 2014ರ ಕೊನೆಯಲ್ಲಿ ನಿಷೇಧ ಜಾರಿಗೊಳಿಸಿತು. ಕ್ಲೇರ್ ಆಲಿವರ್ ಅವರ ವಿಕ್ಟೋರಿಯ ಸೇರಿದಂತೆ ಇತರ ರಾಜ್ಯಗಳೂ ಅದೇ ವೇಳೆಗೆ ಜೊತೆಗೂಡಿದವು. ಪಶ್ಚಿಮ ಆಸ್ಟ್ರೇಲಿಯ 2016ರ ಜನವರಿಯಲ್ಲಿ ಸೇರಿತು. 1981ರಿಂದಲೇ ಅಂಗಿ ತೊಡಿ, ಲೇಪನ ಹಚ್ಚಿ, ಟೋಪಿ ಧರಿಸಿ ಎಂದು ಪ್ರಚಾರ ನಡೆಸುತ್ತ ಬಂದ ದೇಶ ಅದು. ಹೊರಗಿನ ಬಿಸಿಲಿನಿಂದ ಕಾಪಾಡುತ್ತ ಒಳಗಿನ ಬಿಸಿಲನ್ನು ಮಾರಲು ಬಿಟ್ಟಿದ್ದ ವಿರೋಧಾಭಾಸ ಕೊನೆಗಂಡಿದ್ದು ಹಾಗೆ.

ನಿಷೇಧ ಹೇರಿದರೆ ವ್ಯವಹಾರ ಕದ್ದುಮುಚ್ಚಿ ನಡೆಯುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆಸ್ಟ್ರೇಲಿಯದಲ್ಲಿ ಅಕ್ರಮ ಯಂತ್ರಗಳು ಪತ್ತೆಯಾಗಿವೆ. ಬ್ರೆಜಿಲ್ 2025ರಲ್ಲಿ ಆ ದೀಪಗಳ ತಯಾರಿಕೆ, ಮಾರಾಟಕ್ಕೂ ತಡೆ ಹಾಕಬೇಕಾಯಿತು. ಆದರೆ ಪ್ರತಿ ಪೇಟೆಬೀದಿಯಲ್ಲಿ ಫಲಕ ಹಾಕಿ, ರಿಯಾಯಿತಿ ಸಾರಿ ನಡೆಯುವ ವ್ಯಾಪಾರಕ್ಕೂ ಹಿತ್ತಲಲ್ಲಿ ಅಂಜಿಕೊಂಡು ನಡೆಯುವ ವ್ಯಾಪಾರಕ್ಕೂ ವ್ಯತ್ಯಾಸವಿದೆ. ಕಳ್ಳತನ ನಿಂತಿಲ್ಲವೆಂದು ಯಾರೂ ಕಳ್ಳತನದ ವಿರುದ್ಧದ ಕಾನೂನನ್ನು ರದ್ದು ಮಾಡುವುದಿಲ್ಲ.

ನಮ್ಮ ಕನ್ನಡಿ

ಕಂದು ಚರ್ಮದಲ್ಲಿರುವ ಮೆಲನಿನ್ ನಮಗೆ ಬಹಳಷ್ಟು ರಕ್ಷಣೆ ಕೊಟ್ಟಿದೆ. ಮೆಲನೋಮ ಭಾರತದಲ್ಲಿ ಅಪರೂಪ. ಸನ್‌ಬೆಡ್ ಇಲ್ಲಿ ದೊಡ್ಡ ಪಿಡುಗಲ್ಲ. ಆದರೆ ಪ್ರಕೃತಿ ಕೊಟ್ಟ ಆ ರಕ್ಷಣೆಯನ್ನೇ ಅಳಿಸಿಹಾಕುವ ಉದ್ಯಮ ನಮ್ಮಲ್ಲಿ ಬೆಳೆದಿದೆ. ಅಲ್ಲಿ ಬಿಳಿಯರಿಗೆ ಕಂದುಬಣ್ಣ ಮಾರಿದರು, ಇಲ್ಲಿ ಕಂದುಬಣ್ಣದವರಿಗೆ ಬಿಳುಪು ಮಾರುತ್ತಿದ್ದಾರೆ. ನಿನ್ನ ಚರ್ಮ ಇರುವಂತೆ ಸರಿಯಿಲ್ಲ ಎಂಬ ಕೀಳರಿಮೆಯೇ ಎರಡೂ ಕಡೆಯ ಬಂಡವಾಳ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಹೆಸರು ಬದಲಾಯಿತು, ಹಂಬಲ ಬದಲಾಗಲಿಲ್ಲ.

ಹೆಸರಾಂತ ಕಂಪನಿಗಳ ಕ್ರೀಮ್‌ಗಳಿಗಿಂತ ಆತಂಕಕಾರಿ ಸಂಗತಿ ಬೇರೆ ಇದೆ. ಕಜ್ಜಿ, ತುರಿಕೆಗೆ ವೈದ್ಯರು ಬರೆಯುವ ಸ್ಟೀರಾಯ್ಡ್ ಮುಲಾಮನ್ನು ಮುಖ ಬೆಳ್ಳಗಾಗಲೆಂದು ತಿಂಗಳುಗಟ್ಟಲೆ ಹಚ್ಚಿಕೊಳ್ಳುವವರಿದ್ದಾರೆ. ಚರ್ಮ ತೆಳುವಾಗಿ, ಕೆಂಪೇರಿ, ಮುಲಾಮು ಬಿಟ್ಟರೆ ಉರಿಯುವ ಸ್ಥಿತಿಗೆ ಅದು ತಂದು ನಿಲ್ಲಿಸುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್‌ಗಳ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ಆದೇಶಿಸಿತು. ಪಾದರಸ ಬೆರೆತ ಕ್ರೀಮ್‌ಗಳ ಕಥೆ ಇನ್ನೂ ಗಂಭೀರ. ಕೇರಳದ ಕೋಟ್ಟಕ್ಕಲ್‌ನಲ್ಲಿ 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಒಂದು ಬಗೆಯ ಮೂತ್ರಪಿಂಡ ರೋಗಕ್ಕೆ ಒಳಗಾಗಿದ್ದ 22 ಮಂದಿಯನ್ನು ವೈದ್ಯರು ಅಧ್ಯಯನ ಮಾಡಿದರು. ಅವರಲ್ಲಿ 15 ಮಂದಿಗಿದ್ದುದು ರೋಗದ ಅಪರೂಪದ ಪ್ರಭೇದ. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮ್ ಬಳಸಿದ್ದರು. ಭಾರತವೂ ಭಾಗಿಯಾಗಿರುವ ಮಿನಮಾಟ ಒಪ್ಪಂದದ ರಾಷ್ಟ್ರಗಳು ಪಾದರಸ ಬೆರೆಸಿದ ಎಲ್ಲ ಸೌಂದರ್ಯವರ್ಧಕಗಳನ್ನು 2025ರೊಳಗೆ ಕೈಬಿಡಲು 2023ರಲ್ಲಿ ಒಪ್ಪಿದ್ದವು.

ಬೆಳಕಾಗಲಿ ಮುಲಾಮಾಗಲಿ ತಾನಾಗಿ ಶತ್ರುವಲ್ಲ. ತೊನ್ನು, ಸೋರಿಯಾಸಿಸ್‌ಗಳಿಗೆ ಇಂದಿಗೂ ಅತಿನೇರಳೆ ಕಿರಣದ ಚಿಕಿತ್ಸೆಯುಂಟು. ತೊನ್ನಿಗೆ ಬಾವಂಚಿ ಬೀಜದ ಲೇಪ ಹಚ್ಚಿ ಬಿಸಿಲಿಗೆ ಒಡ್ಡುವ ಕ್ರಮ ನಮ್ಮ ಹಳೆಯ ವೈದ್ಯಪದ್ಧತಿಗೂ ಗೊತ್ತಿತ್ತು. ಅಲ್ಲಿ ರೋಗವಿದೆ, ಲೆಕ್ಕದ ಪ್ರಮಾಣವಿದೆ, ಹೊಣೆ ಹೊರುವ ವೈದ್ಯರಿದ್ದಾರೆ. ಅಂಗಡಿಯಲ್ಲಿ ಈ ಮೂರೂ ಇರುವುದಿಲ್ಲ.

ಆಸ್ಟ್ರೇಲಿಯದಿಂದ ನಾವು ಕಲಿಯಬೇಕಾದುದು ಸನ್‌ಬೆಡ್ ನಿಷೇಧವನ್ನಲ್ಲ, ವಿಳಂಬಕ್ಕೆ ಬೆಲೆಯಿದೆ ಎಂಬುದನ್ನು. ನಮ್ಮಲ್ಲಿ ಆದೇಶ ಆಗಲೇ ಇದೆ. ಚೀಟಿಯಿಲ್ಲದೆ ಸ್ಟೀರಾಯ್ಡ್ ಕೊಡುವ ಔಷಧ ಅಂಗಡಿಗಳ ತಪಾಸಣೆ, ತಯಾರಕರ ವಿಳಾಸವೇ ಇಲ್ಲದ ಕ್ರೀಮ್‌ಗಳ ಪಾದರಸ ಪರೀಕ್ಷೆ, ಆ ಪರೀಕ್ಷೆಯ ಫಲಿತಾಂಶದ ಬಹಿರಂಗ ಪ್ರಕಟಣೆ ಇವಿಷ್ಟಕ್ಕೆ ಹೊಸ ಕಾಯ್ದೆ ಬೇಕಿಲ್ಲ. ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳು ಮನಸ್ಸು ಮಾಡಿದರೆ ಸಾಕು. ಕ್ರಮ ಕೈಗೊಳ್ಳಲು ನಾವೂ ಒಬ್ಬ 26ರ ಯುವತಿಯ ಸಾವಿಗಾಗಿ ಕಾಯಬೇಕೆ?