ಬಡವರ ಮನೆಗೆ ಜಗಲಿ ಬೇಡವೇ?

ನಮ್ಮ ಕಡೆಯಿಂದ ಮುಂಬೈಗೆ ದುಡಿಯಲು ಹೋದವರು ಊರಿಗೆ ಬಂದಾಗ ಚಾಳದ ಕಥೆ ಹೇಳುತ್ತಿದ್ದರು. ಒಂದೇ ಖೋಲಿ, ಅದರಲ್ಲಿ ಎಂಟು ಜನ, ಬೆಳಗಾದರೆ ಕಕ್ಕಸಿಗೆ ಸಾಲು. ಆ ಚಾಳಗಳನ್ನು ಈಗ ಕೆಡವುತ್ತಿದ್ದಾರೆ. ಕೆಡವಲಿ. ಆದರೆ ಅವುಗಳಿಂದ ಏನನ್ನೂ ಕಲಿಯದೆ ಕೆಡವಬಾರದು ಎನ್ನುವುದು ನಮ್ಮ ತಕರಾರು.

ಬಿಡಿಡಿ ಚಾಳಗಳನ್ನೇ ನೋಡಿ. 1920ರ ದಶಕದಲ್ಲಿ ಬ್ರಿಟಿಷ್ ಸರ್ಕಾರದ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಕಾರ್ಮಿಕರಿಗೆಂದು ವರ್ಲಿ, ನಾಯಗಾಂವ್, ಲೋವರ್ ಪರೇಲ್, ಶಿವಡಿಯಲ್ಲಿ 207 ಕಟ್ಟಡ ಕಟ್ಟಿತು. ಎಲ್ಲಕ್ಕೂ ಒಂದೇ ಅಚ್ಚು. ಕೆಳಗೊಂದು, ಅದರ ಮೇಲೆ ಮೂರು ಅಂತಸ್ತು. ನಡುವೆ ಓಣಿಯಂಥ ಪಡಸಾಲೆ, ಎರಡೂ ಬದಿಗೆ ಖೋಲಿ. ಕಟ್ಟಡಕ್ಕೆ 80 ಖೋಲಿ, ಒಂದೊಂದೂ 160 ಚದರಡಿ. ಕಕ್ಕಸು ಎಲ್ಲರಿಗೂ ಸೇರಿ. ಶುರುವಿನಲ್ಲಿ ಎಷ್ಟೋ ಖೋಲಿಗಳು ಖಾಲಿ ಬಿದ್ದಿದ್ದವು. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ವರ್ಲಿಯ ಚಾಳಗಳನ್ನು ಸೆರೆಮನೆಯಾಗಿ ಬಳಸಿದರು. ಮನೆಯೆಂದು ಕಟ್ಟಿದ್ದು ಅಷ್ಟು ಸಲೀಸಾಗಿ ಜೈಲಾಗುತ್ತದೆ ಎಂದರೆ ಆ ನಕ್ಷೆ ಎಂಥದ್ದು, ನೀವೇ ಹೇಳಿ.

ಅದನ್ನು ಮನೆ ಮಾಡಿದ್ದು ಅಲ್ಲಿ ಬಾಳಿದ ಜನ. ಇಂಜಿನಿಯರ್ ನಡೆದಾಡಲು ಬಿಟ್ಟ ಪಡಸಾಲೆಯಲ್ಲಿ ಮಕ್ಕಳು ಓದಿದರು, ಮುದುಕರು ಹರಟಿದರು, ಸೆಕೆಗೆ ಗಂಡಸರು ಹಾಸಿಗೆ ಬಿಡಿಸಿದರು. ತಾಯಿ ಕೆಲಸಕ್ಕೆ ಹೋದರೆ ಮಗುವಿನ ಮೇಲೆ ಪಕ್ಕದ ಮನೆಯವರ ಕಣ್ಣಿತ್ತು. ನಮ್ಮೂರಿನ ಜಗಲಿ ಮಾಡುವ ಕೆಲಸವನ್ನೇ ಅಲ್ಲಿ ಪಡಸಾಲೆ ಮಾಡಿತು.

ಈಗ ಅದೇ ಜಾಗದಲ್ಲಿ ಎತ್ತರದ ಕಟ್ಟಡ ಏಳುತ್ತಿವೆ. ಕುಟುಂಬಕ್ಕೆ 500 ಚದರಡಿ, ಒಳಗೇ ಕಕ್ಕಸು. 2025ರಲ್ಲಿ ವರ್ಲಿಯ ಮೊದಲ ಕುಟುಂಬಗಳಿಗೆ ಬೀಗದ ಕೈ ಸಿಕ್ಕಿತು. ನೂರು ವರ್ಷ ತಡವಾಗಿ ಸಿಕ್ಕ ಹಕ್ಕು ಅದು. ಚಾಳದ ಸೊಗಸು ಹೋಯಿತೆಂದು ಮರುಗುವವರು ಒಂದು ವಾರ ಆ ಕಕ್ಕಸಿನ ಸಾಲಿನಲ್ಲಿ ನಿಂತು ಬರಲಿ. ಆದರೆ ಲಿಫ್ಟಿನಿಂದ ಇಳಿದು ಬಾಗಿಲು ಹಾಕಿಕೊಂಡರೆ ಮುಗಿಯಿತು ಎನ್ನುವಂಥ ನಕ್ಷೆಯನ್ನೂ ನಾವು ಒಪ್ಪುವುದಿಲ್ಲ. ಒಳಗಿನ ಕಕ್ಕಸು, ಹೊರಗಿನ ಜಗಲಿ ಎರಡೂ ಬೇಕು. ಒಂದನ್ನು ಕೊಟ್ಟು ಇನ್ನೊಂದನ್ನು ಕಿತ್ತುಕೊಳ್ಳುವುದು ಉಪಕಾರವಲ್ಲ.

ಇದು ಮುಂಬೈ ಮಾತು, ನಮಗೇನು ಎನ್ನಬೇಡಿ. ನಮ್ಮೂರ ಹೊರಗಿನ ಆಶ್ರಯ ಮನೆಗಳ ಸಾಲನ್ನು ಒಮ್ಮೆ ನೋಡಿ ಬನ್ನಿ. ಎಷ್ಟು ಮನೆಗೆ ಜಗಲಿ ಇದೆ? ಮುಂದಿನ ಗ್ರಾಮಸಭೆಯಲ್ಲಿ ವಸತಿ ಯೋಜನೆಯ ಮಾತು ಬಂದಾಗ ಎಷ್ಟು ಚದರಡಿ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಸಂಜೆ ಹೊತ್ತು ಅಜ್ಜಿ ಎಲ್ಲಿ ಕೂರಬೇಕು ಎಂದೂ ಕೇಳಿ.