ಬಳಿದ ಬಣ್ಣ ಮತ್ತು ಕಾರಾಪುರದ ಹುಡುಗ

ಮೂಕಿಚಿತ್ರಗಳ ಜನಾಂಗೀಯ ಪಡಿಯಚ್ಚುಗಳನ್ನು ಕುರಿತ ಚರ್ಚೆಯಲ್ಲಿ ಒಂದು ಸಮರ್ಥನೆ ಮತ್ತೆ ಮತ್ತೆ ಕೇಳಿಬರುತ್ತದೆ: ಮುಖಕ್ಕೆ ಬಣ್ಣ ಹಚ್ಚಿ ಪರಕೀಯನಾಗುವುದು ರಂಗಭೂಮಿಯ ಹಳೆಯ ರೂಢಿ, ಅದರಲ್ಲಿ ದೋಷವೆಣಿಸುವುದೇಕೆ? ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಭರತನ ನಾಟ್ಯಶಾಸ್ತ್ರದ ಆಹಾರ್ಯಾಭಿನಯ ಪ್ರಕರಣವೇ ಶಕ, ಯವನರಿಗೆ ಗೌರವರ್ಣವನ್ನೂ ಕಿರಾತ, ದ್ರಾವಿಡರಿಗೆ ಕಪ್ಪನ್ನೂ ವಿಧಿಸುತ್ತದೆ. ದಾಕ್ಷಿಣಾತ್ಯರಾದ ಕನ್ನಡಿಗರೂ ಆ ಪಟ್ಟಿಯಲ್ಲಿ ಕಪ್ಪಿನವರೇ!

ಆದರೆ ರಂಗದ ಬಣ್ಣ ತಾನು ಬಣ್ಣವೆಂಬುದನ್ನು ಮರೆಮಾಚುವುದಿಲ್ಲ. ಕ್ಯಾಮೆರಾ ಹಾಗಲ್ಲ; ಇದ್ದುದನ್ನು ಇದ್ದಂತೆ ತೋರಿಸುವೆನೆಂಬ ಭರವಸೆಯೊಡನೆಯೇ ಅದು ಬರುತ್ತದೆ. ಡಿ. ಡಬ್ಲ್ಯೂ. ಗ್ರಿಫಿತ್‌ನ 'ಬ್ರೋಕನ್ ಬ್ಲಾಸಮ್ಸ್' (1919) ಚಿತ್ರದಲ್ಲಿ ಚೀನೀ ತರುಣನಾದವನು ಅಮೆರಿಕದ ರಿಚರ್ಡ್ ಬಾರ್ಥೆಲ್ಮೆಸ್. ಅರೆಮುಚ್ಚಿದ ಕಣ್ಣು, ಬಾಗಿದ ಬೆನ್ನು. ಮಾತಿಲ್ಲದ ಮೆಲೋಡ್ರಾಮಾದಲ್ಲಿ ಪಾತ್ರದ ಗುಣ ಮೊದಲ ನೋಟಕ್ಕೇ ದಕ್ಕಬೇಕು. ಆ ಅವಸರಕ್ಕೆ ಪಡಿಯಚ್ಚಿಗಿಂತ ಸುಲಭದ ಸಾಧನವಿಲ್ಲ. ಇಲ್ಲಿ ಕ್ರೂರಿ ಬಿಳಿಯ ಮುಷ್ಟಿಮಲ್ಲ, ಕರುಣಾಳು ಚೀನೀಯ. ಗ್ರಿಫಿತ್‌ನ ಅನುಕಂಪ ಸೋಗಿನದಲ್ಲ. ಆದರೂ ಪಾತ್ರವರ್ಗದಲ್ಲಿ ಆ ತರುಣನ ಗುರುತು 'ಹಳದಿ ಮನುಷ್ಯ' ಎಂದು.

ಚಿತ್ರಕ್ಕೆ ಮಾತು ಬಂದ ಮೇಲೂ ಈ ರೂಢಿ ಅಳಿಯಲಿಲ್ಲ. ಅದರ ವಿಲಕ್ಷಣ ನಿದರ್ಶನ ಮೈಸೂರು ಸೀಮೆಯಲ್ಲೇ ಇದೆ. ಮೂಕಿಯುಗದಲ್ಲಿ 'ನಾನೂಕ್ ಆಫ್ ದಿ ನಾರ್ತ್' (1922) ಮಾಡಿ ಹೆಸರಾದ ರಾಬರ್ಟ್ ಫ್ಲಾಹರ್ಟಿ, ಕಿಪ್ಲಿಂಗನ ಆನೆಯ ಕಥೆಯನ್ನು ಚಿತ್ರಿಸಲು 1935ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ. ಕಾರಾಪುರದ ಮಾವುತನ ಮಗ ಸಾಬು ನಾಯಕನಾದ. ಆನೆಯ ಕೊರಳ ಮೇಲೆ ಆ ಹುಡುಗ ಕೂರುವ ಸಲೀಸನ್ನು ಯಾವ ನಟನಾಶಾಲೆಯೂ ಕಲಿಸಲಾರದು. ಮುಂದೆ ಇಂಗ್ಲೆಂಡಿನ ಡೆನ್ಹಮ್ ಸ್ಟುಡಿಯೊದಲ್ಲಿ ಜೋಲ್ಟಾನ್ ಕೊರ್ಡಾ ಕಥೆಯ ಭಾಗಗಳನ್ನು ಚಿತ್ರಿಸಿದ. ಹೀಗೆ ಸಿದ್ಧವಾದ 'ಎಲಿಫೆಂಟ್ ಬಾಯ್' (1937) ಚಿತ್ರದಲ್ಲಿ ಹುಡುಗನ ತಂದೆಯೂ ಮಾಚುವ ಅಪ್ಪನೂ ಕಂದು ಬಣ್ಣ ಬಳಿದುಕೊಂಡ ಬಿಳಿಯ ನಟರು. ಮಾವುತನ ನಿಜವಾದ ಮಗ ಬಣ್ಣದ ಮಾವುತನೊಬ್ಬನನ್ನು ಅಪ್ಪಾ ಎನ್ನಬೇಕಾಯಿತು. ಒಂದೇ ಚೌಕಟ್ಟಿನಲ್ಲಿ ಎರಡೂ ಮುಖಗಳಿರುವುದರಿಂದ ರೂಢಿಯ ಸಮರ್ಥನೆ ಇಲ್ಲಿ ನಿಲ್ಲದು.

ನಮ್ಮವರು ಈ ಚಿತ್ರವನ್ನು ನೆನೆಯುವುದು ಹೆಮ್ಮೆಯಿಂದ: ನಮ್ಮ ಹುಡುಗ ಹಾಲಿವುಡ್ ಸೇರಿದ. ಹೆಮ್ಮೆ ಸಹಜವೇ. ಆದರೆ ಅಲ್ಲಿ ಅವನಿಗೆ ದಕ್ಕಿದ ಪಾತ್ರಗಳನ್ನೂ ನೋಡಬೇಕು. 1940ರಲ್ಲಿ ಬಾಗ್ದಾದಿನ ಕಳ್ಳ, 1942ರಲ್ಲಿ ಮೋಗ್ಲಿ, 1944ರ 'ಕೋಬ್ರಾ ವುಮನ್'ನಲ್ಲಿ ದಕ್ಷಿಣ ಸಮುದ್ರದ ದ್ವೀಪವಾಸಿ. ಬಣ್ಣ ಬಳಿಯುವ ಖರ್ಚು ಮಾತ್ರ ಉಳಿಯಿತು.