ಕೊಳ್ಳುವವನ ಅಜ್ಞಾನ

ನಮ್ಮ ಸಂಘದ ಸಭಾಂಗಣದಲ್ಲಿ ಈಚೆಗೆ ನಡೆದ ವಿಚಾರಗೋಷ್ಠಿಯೊಂದರಲ್ಲಿ, ಬೆಂಗಳೂರಿನಿಂದ ಬಂದಿದ್ದ ಉದ್ಯಮಿ ಮಿತ್ರರೊಬ್ಬರು ಬಾಹ್ಯಾಕಾಶ ಮತ್ತು ದೇಶದ ರಕ್ಷಣೆ ಎಂಬ ವಿಷಯವಾಗಿ ಸೊಗಸಾಗಿ ಮಾತನಾಡಿದರು. "ಸರ್ಕಾರ ಪಕ್ಕಕ್ಕೆ ಸರಿದು ನಿಂತರೆ ಸಾಕು, ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ" ಎಂಬ ಅವರ ಕೊನೆಯ ಮಾತಿಗೆ ಸಭೆ ಬಹಳ ಹೊತ್ತು ಚಪ್ಪಾಳೆ ತಟ್ಟಿತು. ನನ್ನ ಕೈಗಳು ಮಾತ್ರ ಮೇಲೇಳಲಿಲ್ಲ. ಕೇಂದ್ರ ಸರ್ಕಾರದ ಸೇವೆಯ ಬಹುಭಾಗವನ್ನು ಖರೀದಿಯ ಕಡತಗಳ ನಡುವೆ ಕಳೆದವನು ನಾನು. ನಡತೆ ನಿಯಮಗಳಿಗೆ ಒಳಪಟ್ಟವನಾದುದರಿಂದ ಇಲ್ಲಿ ಬಳಸಿಕೊಳ್ಳುವುದೆಲ್ಲ ಈಗಾಗಲೇ ಬಹಿರಂಗವಾಗಿರುವ ಸಂಗತಿಗಳನ್ನೇ. ಅವನ್ನು ಓದಿ ಸಿಟ್ಟಾಗುವ ಹಕ್ಕನ್ನು ಯಾವ ನಿಯಮವೂ ಇನ್ನೂ ಕಸಿದುಕೊಂಡಿಲ್ಲವೆಂದು ನಂಬಿದ್ದೇನೆ.

ಖಾಸಗಿಯೋ ಸರ್ಕಾರಿಯೋ ಎಂಬುದು ನನ್ನ ತಕರಾರಲ್ಲ. ಆ ಜಗಳ ಹಳೆಯದು, ಎರಡೂ ಕಡೆಯವರ ಮಾತುಗಳು ನಮಗೆ ಬಾಯಿಪಾಠವಾಗಿವೆ. ನನ್ನ ತಕರಾರು ಆ "ಸರಿದು ನಿಲ್ಲುವ" ಮಾತಿನ ಬಗ್ಗೆ. ಶತ್ರುವಿನ ನೆಲೆಗಳನ್ನು ನೋಡುವ ಉಪಗ್ರಹಕ್ಕೆ ಈ ದೇಶದಲ್ಲಿ ಗಿರಾಕಿ ಒಬ್ಬನೇ. ಆ ಗಿರಾಕಿಯೇ ಪಕ್ಕಕ್ಕೆ ಸರಿದರೆ ಅಂಗಡಿಯ ಮುಂದೆ ಉಳಿಯುವವರು ಯಾರು? ಅವನು ಸರಿಯಬಾರದು, ಮಾತ್ರವಲ್ಲ, ತಾನು ಏನನ್ನು ಕೊಳ್ಳುತ್ತಿದ್ದೇನೆಂಬುದನ್ನು ಮಾರುವವನಷ್ಟೇ ಚೆನ್ನಾಗಿ ಅರಿತಿರಬೇಕು. ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಬಾಯಿ ತೆರೆದು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಸಾವಿರಾರು ಕೋಟಿ ರೂಪಾಯಿಯ ಉಪಗ್ರಹ ಕೊಳ್ಳುವ ನಮ್ಮ ಪ್ರಭುತ್ವಕ್ಕೆ ಅಷ್ಟು ವ್ಯವಧಾನವಿದೆಯೇ?

ಮಿತ್ರರು ಅಮೆರಿಕೆಯ ಉದಾಹರಣೆ ಕೊಟ್ಟರು. ಕೊಡದೆ ಇರುವವರು ಯಾರು? ಸ್ಪೇಸ್‌ಎಕ್ಸ್ ಕಂಪನಿಯ ಮೊದಲ ರಾಕೆಟ್ಟಾದ ಫಾಲ್ಕನ್-1 2006, 2007 ಮತ್ತು 2008ರಲ್ಲಿ ಮೂರು ಸಲ ಸತತವಾಗಿ ವಿಫಲವಾಗಿ, 2008ರ ಸೆಪ್ಟೆಂಬರಿನಲ್ಲಿ ನಾಲ್ಕನೆಯ ಸಲ ಗೆದ್ದ ಕಥೆಯನ್ನು ಅವರು ಉದ್ಯಮಶೀಲತೆಯ ಪುರಾಣವಾಗಿ ಹೇಳಿದರು. ಹೇಳದೆ ಬಿಟ್ಟದ್ದು ಇಷ್ಟು: ಮೊದಲ ಎರಡು ಹಾರಾಟಗಳಿಗೆ ಹಣ ಕೊಟ್ಟದ್ದು ಅಮೆರಿಕೆಯ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಡಾರ್ಪ. ಮೂರನೆಯದರಲ್ಲಿಯೂ ಆ ಇಲಾಖೆಯ ಉಪಗ್ರಹವಿತ್ತು. ಅಂದರೆ ಅಲ್ಲಿಯ ಸರ್ಕಾರ ಸೋಲನ್ನೂ ಬೆಲೆ ಕೊಟ್ಟು ಕೊಂಡಿತು, ಏಕೆ ಸೋತಿತೆಂಬುದನ್ನು ಜೊತೆಯಲ್ಲಿ ಕುಳಿತು ಓದಿತು. ನಮ್ಮಲ್ಲಿಯೂ 2018ರಿಂದ ಐಡೆಕ್ಸ್ ಎಂಬ ಯೋಜನೆಯಿದೆ. 2022ರ ಅಕ್ಟೋಬರಿನಲ್ಲಿ ಬಾಹ್ಯಾಕಾಶ ರಕ್ಷಣೆಗೆಂದೇ 75 ಸವಾಲುಗಳನ್ನು ಉದ್ಯಮದ ಮುಂದಿಟ್ಟರು. ಒಳ್ಳೆಯ ಆರಂಭವೇ. ಆದರೆ ಮೂಲ ಯೋಜನೆಯಲ್ಲಿ ಗರಿಷ್ಠ 1.5 ಕೋಟಿ ರೂಪಾಯಿಯ ಅನುದಾನದಲ್ಲಿ ಮಾದರಿಯೊಂದನ್ನು ತಯಾರಿಸಬಹುದು, ಸೋತು ಮತ್ತೆ ಏಳಲಾಗದು.

ಅದೇ ಅಮೆರಿಕೆಯಲ್ಲಿ ಸರ್ಕಾರ ನಿಜವಾಗಿಯೂ ಸರಿದು ನಿಂತ ಒಂದು ಪ್ರಸಂಗವಿದೆ. ಅದನ್ನು ನಮ್ಮ ಗೋಷ್ಠಿಗಳಲ್ಲಿ ಯಾರೂ ನೆನೆಯುವುದಿಲ್ಲ. 1999ರಲ್ಲಿ ಅಲ್ಲಿಯ ಗೂಢಚರ್ಯೆಯ ಉಪಗ್ರಹಗಳ ಕಛೇರಿ ಮುಂದಿನ ಪೀಳಿಗೆಯ ಉಪಗ್ರಹಗಳಿಗೆ ಗುತ್ತಿಗೆ ಕರೆಯಿತು. ದಶಕಗಳಿಂದ ಅಂಥ ಉಪಗ್ರಹಗಳನ್ನು ಕಟ್ಟಿದ್ದ ಲಾಕ್‌ಹೀಡ್ ಕಂಪನಿಯನ್ನು ಬಿಟ್ಟು, ಆ ಬಗೆಯ ದೃಕ್-ಉಪಗ್ರಹವನ್ನು ಎಂದೂ ಕಟ್ಟದಿದ್ದ ಬೋಯಿಂಗ್ ಕಂಪನಿಗೆ ಅದು ದೊರೆಯಿತು. ಬೋಯಿಂಗಿನ ಪ್ರಸ್ತಾವ ಅಗ್ಗವಾಗಿಯೂ ನವೀನವಾಗಿಯೂ ಕಾಣಿಸಿತ್ತು. ಆ ವರ್ಷಗಳ 'ಖರೀದಿ ಸುಧಾರಣೆ'ಯ ಉತ್ಸಾಹದಲ್ಲಿ ಸರ್ಕಾರ ತನ್ನ ಅನುಭವಿ ಎಂಜಿನಿಯರುಗಳನ್ನು ಕಳೆದುಕೊಂಡು, ಮೇಲ್ವಿಚಾರಣೆಯನ್ನು ಬಹುಮಟ್ಟಿಗೆ ಗುತ್ತಿಗೆದಾರನಿಗೇ ಒಪ್ಪಿಸಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಗುತ್ತಿಗೆದಾರ ಎಲ್ಲವೂ ಸರಿಯಾಗಿದೆ ಎಂದಾಗ ಅಲ್ಲವೆನ್ನಬಲ್ಲವರು ಕಛೇರಿಯಲ್ಲಿ ಸಾಕಷ್ಟು ಉಳಿದಿರಲಿಲ್ಲ. 2005ರಲ್ಲಿ ಆ ಗುತ್ತಿಗೆಯ ದೃಕ್-ಉಪಗ್ರಹದ ಭಾಗ ರದ್ದಾಯಿತು. ನೂರಾರು ಕೋಟಿ ಡಾಲರುಗಳು ಹೋದವು, ಕೆಲಸ ಮತ್ತೆ ಲಾಕ್‌ಹೀಡಿನ ಬಾಗಿಲಿಗೆ ಬಂತು. ಕಳ್ಳತನವಾಗಲಿ ಲಂಚವಾಗಲಿ ನಡೆದ ಕಥೆಯಲ್ಲ ಇದು. ಕೊಳ್ಳುವವನಿಗೆ ತಿಳಿವಳಿಕೆ ಸಾಲದೆ ಹೋದ ಕಥೆ.

ನಮ್ಮ ಮನೆಯ ಕಥೆಯಾದರೋ ಇದಕ್ಕಿಂತಲೂ ಕಹಿಯಾದದ್ದು. 2005ರ ಜನವರಿ 28ರಂದು ಬಾಹ್ಯಾಕಾಶ ಇಲಾಖೆಯ ವಾಣಿಜ್ಯ ಅಂಗವಾದ ಆಂಟ್ರಿಕ್ಸ್, ಬೆಂಗಳೂರಿನ ದೇವಾಸ್ ಮಲ್ಟಿಮೀಡಿಯ ಎಂಬ ಕಂಪನಿಯೊಡನೆ ಒಂದು ಕರಾರು ಮಾಡಿಕೊಂಡಿತು. ಇಲಾಖೆ ಎರಡು ಉಪಗ್ರಹಗಳನ್ನು ಕಟ್ಟಿ ಹಾರಿಸಬೇಕು. ಅವುಗಳ ಸಾಮರ್ಥ್ಯದ ಶೇಕಡ 90ರಷ್ಟನ್ನು, ಅದರೊಂದಿಗೆ ಎಸ್-ಬ್ಯಾಂಡಿನ 70 ಮೆಗಾಹರ್ಟ್ಸ್ ತರಂಗಗುಚ್ಛವನ್ನು, ಕಂಪನಿ 12 ವರ್ಷಗಳ ಗೇಣಿಗೆ ಪಡೆಯಬೇಕು. ಕಂಪನಿ ಹುಟ್ಟಿ ಆಗ ಎರಡು ತಿಂಗಳೂ ಕಳೆದಿರಲಿಲ್ಲ. ಮೊದಲ ಉಪಗ್ರಹಕ್ಕೆ ಅದೇ ವರ್ಷ ಕೇಂದ್ರ ಸಂಪುಟದ ಒಪ್ಪಿಗೆ ಕೇಳಿದಾಗ, ಅದರ ಬಹುಪಾಲು ಆಗಲೇ ಒಬ್ಬರಿಗೆ ಗೊತ್ತಾಗಿಬಿಟ್ಟಿದೆ ಎಂಬ ಮಾತು ಟಿಪ್ಪಣಿಯಲ್ಲಿರಲಿಲ್ಲವೆಂಬುದನ್ನು ಮಹಾಲೇಖಪಾಲರೇ ಅನಂತರ ಎತ್ತಿ ತೋರಿಸಿದರು.

ಈ ಹಗರಣದ ಹಣಕಾಸಿನ ಮುಖದ ಮೇಲೆ ಪತ್ರಿಕೆಗಳು ಬೇಕಾದಷ್ಟು ಬರೆದಿವೆ. ನನ್ನನ್ನು ಕಾಡುವುದು ಅದರ ಸೈನಿಕ ಮುಖ. ಎಸ್-ಬ್ಯಾಂಡ್ ಎಂದರೆ ಕೈಯಲ್ಲಿ ಹಿಡಿಯುವ ಚಿಕ್ಕ ಸಾಧನದಿಂದ ನೇರವಾಗಿ ಉಪಗ್ರಹದೊಡನೆ ಮಾತನಾಡಲು ಅನುಕೂಲವಾದ ತರಂಗಗುಚ್ಛ. ಗಡಿಯ ಹಿಮದಲ್ಲಿ, ಕಾಡಿನಲ್ಲಿ ನಡೆದಾಡುವ ಯೋಧನಿಗೆ ಅದರ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. 2011ರ ಫೆಬ್ರುವರಿ 17ರಂದು ಭದ್ರತಾ ವ್ಯವಹಾರಗಳ ಸಂಪುಟ ಸಮಿತಿ, ರಕ್ಷಣಾ ಪಡೆಗಳು, ಅರೆಸೇನಾ ಪಡೆಗಳು, ರೈಲ್ವೆ ಮೊದಲಾದವುಗಳ ಅಗತ್ಯವನ್ನು ಮುಂದುಮಾಡಿ, ವಾಣಿಜ್ಯದ ಬಳಕೆಗೆ ಎಸ್-ಬ್ಯಾಂಡ್ ಕೊಡಲಾಗದೆಂದು ತೀರ್ಮಾನಿಸಿತು. ಕೆಲವೇ ದಿನಗಳಲ್ಲಿ ಕರಾರು ರದ್ದಾಯಿತು. ತೀರ್ಮಾನ ತಪ್ಪೆಂದು ನಾನು ಹೇಳಲಾರೆ. ಆದರೆ 2005ರಲ್ಲಿ ಆ ಕರಾರಿಗೆ ಸಹಿ ಬೀಳುವಾಗ ಈ ಯೋಧ ಎಲ್ಲಿದ್ದ? ಅವನ ಅಗತ್ಯವನ್ನು ಒಂದು ಹಾಳೆಯಲ್ಲಿ ಬರೆದು, ಇಷ್ಟು ನಮಗೆ ಮೀಸಲು, ಉಳಿದುದನ್ನು ಮಾರಿಕೊಳ್ಳಿ ಎಂದು ಹೇಳಲು ಆರು ವರ್ಷ ಬೇಕಾಯಿತೇ? ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದ ಗಾದೆಗೆ ಇದಕ್ಕಿಂತ ದುಬಾರಿಯಾದ ಟೀಕೆ ಸಿಗಲಾರದು.

ದುಬಾರಿ ಎಂದೆ. 2015ರಲ್ಲಿ ಅಂತಾರಾಷ್ಟ್ರೀಯ ಮಧ್ಯಸ್ಥರು 56.25 ಕೋಟಿ ಡಾಲರು ಮತ್ತು ಬಡ್ಡಿಯನ್ನು ಆಂಟ್ರಿಕ್ಸ್ ಕೊಡಬೇಕೆಂದರು. 2016ರಲ್ಲಿ ಹೇಗ್‌ನ ಮತ್ತೊಂದು ನ್ಯಾಯಮಂಡಳಿ ಹೇಳಿದ್ದು ಇನ್ನೂ ಸ್ವಾರಸ್ಯಕರವಾಗಿದೆ: ಆ ತರಂಗಗುಚ್ಛದ ಶೇಕಡ 60ರಷ್ಟಕ್ಕೆ ಮಾತ್ರ ಭದ್ರತೆಯ ವಾದ ಸಲ್ಲುತ್ತದೆ, ಉಳಿದ 40ಕ್ಕೆ ಪರಿಹಾರ ಕೊಡಿ. ನಮ್ಮ ಸೇನೆಗೆ ಎಷ್ಟು ಬೇಕೆಂಬ ಲೆಕ್ಕವನ್ನು ನಾವು ಮಾಡಿಡಲಿಲ್ಲ. ಮೂರನೆಯವರು ಹೇಗ್‌ನಲ್ಲಿ ಕುಳಿತು ಮಾಡಿಕೊಟ್ಟರು. 2022ರ ಜನವರಿಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ದೇವಾಸ್ ಕಂಪನಿಯ ಹುಟ್ಟೇ ವಂಚನೆಯದೆಂದು ಹೇಳಿ ಅದರ ಸಮಾಪನವನ್ನು ಎತ್ತಿಹಿಡಿಯಿತು. ಅದಾದ ಮೇಲೂ ವಿದೇಶಗಳ ನ್ಯಾಯಾಲಯಗಳಲ್ಲಿ ಜಗ್ಗಾಟ ನಿಲ್ಲಲಿಲ್ಲ. 2025ರ ಜೂನಿನಲ್ಲಿ ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯದಲ್ಲಿ ಬಂದ ತೀರ್ಪು ನಮ್ಮ ವಿರುದ್ಧವಾಗಿತ್ತು. ಇತ್ತ ಉಪಗ್ರಹಗಳ ಗತಿ? ಜಿಸ್ಯಾಟ್-6 ಹಾರಿದ್ದು 2015ರ ಆಗಸ್ಟಿನಲ್ಲಿ, ಎಂದರೆ "ತುರ್ತು ಅಗತ್ಯ" ನೆನಪಾದ ನಾಲ್ಕು ವರ್ಷಗಳ ಮೇಲೆ. 2018ರ ಮಾರ್ಚಿನಲ್ಲಿ ಹಾರಿದ ಜಿಸ್ಯಾಟ್-6ಎ ಕೆಲವೇ ದಿನಗಳಲ್ಲಿ ಸಂಪರ್ಕ ಕಡಿದುಕೊಂಡಿತು.

ಹಾಗಾದರೆ ಅಧಿಕಾರಿಗಳೆಲ್ಲ ಮೂಢರೇ ಎಂದು ಓದುಗರು ಕೇಳಬಹುದು. ನನ್ನದೇ ಒಂದು ಪ್ರಸಂಗವನ್ನು ಹೇಳಬೇಕು. ಹಲವು ವರ್ಷಗಳ ಹಿಂದೆ ಒಂದು ಕಛೇರಿಯ ಟೆಂಡರು ಸಮಿತಿಯಲ್ಲಿ ನಾನು ಹಣಕಾಸಿನ ಪ್ರತಿನಿಧಿಯಾಗಿದ್ದೆ. ಕೊಳ್ಳಬೇಕಾಗಿದ್ದುದು ಬಾಹ್ಯಾಕಾಶದ ನಿರ್ವಾತ ಮತ್ತು ಬಿಸಿ-ತಂಪುಗಳನ್ನು ನೆಲದ ಮೇಲೆಯೇ ಸೃಷ್ಟಿಸಿ ಬಿಡಿಭಾಗಗಳನ್ನು ಪರೀಕ್ಷಿಸುವ ಒಂದು ಕೋಣೆ. ಕನಿಷ್ಠ ದರ ಹಾಕಿದವರು ಅಂಥದನ್ನು ಎಂದೂ ಕಟ್ಟಿದವರಲ್ಲ. ನಮ್ಮ ಷರತ್ತುಗಳನ್ನೇ ಸಾಲುಸಾಲಾಗಿ ನಕಲು ಮಾಡಿ, ಪ್ರತಿಯೊಂದರ ಮುಂದೆ "ಒಪ್ಪಿದೆ" ಎಂದು ಬರೆದುಕೊಟ್ಟಿದ್ದರು. ಸಮಿತಿಯ ಕಿರಿಯ ವಿಜ್ಞಾನಿಯೊಬ್ಬರು ಚಹದ ವಿರಾಮದಲ್ಲಿ ನನ್ನ ಬಳಿ ಬಂದು, "ಸಾರ್, ಇದು ಕೆಲಸ ಮಾಡುವುದಿಲ್ಲ, ನನಗೆ ಗೊತ್ತು" ಎಂದರು. ಗೊತ್ತೆಂಬುದನ್ನು ಕಡತದಲ್ಲಿ ಬರೆಯಿರಿ ಎಂದೆ. ಬರೆಯಲು ಅವರಿಗೆ ನಿಯಮದ ಆಧಾರ ಸಿಗಲಿಲ್ಲ, ಹುಡುಕಿಕೊಡುವ ಧೈರ್ಯ ನನಗೂ ಬರಲಿಲ್ಲ. ಎಲ್ಲರೂ ಸಹಿ ಹಾಕಿದೆವು. ಕೋಣೆ ಬಂತು, ಎರಡು ವರ್ಷ ಅದರ ಸೋರಿಕೆ ನಿಲ್ಲಲಿಲ್ಲ. ಲೆಕ್ಕ ಪರಿಶೋಧಕರು ಒಂದು ಸಾಲಿನ ಆಕ್ಷೇಪವನ್ನೂ ಬರೆಯಲಿಲ್ಲ. ಬರೆಯುವುದಾದರೂ ಏನನ್ನು? ಕೊಂಡದ್ದು ಕನಿಷ್ಠ ದರಕ್ಕೇ ಆಗಿತ್ತಲ್ಲ!

ನನ್ನ ಅಂದಿನ ಹೇಡಿತನಕ್ಕೆ ಇದು ಸಮರ್ಥನೆಯಲ್ಲವಾದರೂ ಒಂದು ಮಾತನ್ನು ದಾಖಲಿಸಬೇಕು. 2018ರ ತಿದ್ದುಪಡಿಯವರೆಗೆ ನಮ್ಮ ಭ್ರಷ್ಟಾಚಾರ ತಡೆ ಕಾಯಿದೆಯಲ್ಲಿ, ಸಾರ್ವಜನಿಕ ಹಿತವಿಲ್ಲದೆ ಯಾರಿಗಾದರೂ ಲಾಭವಾಗುವಂತೆ ಮಾಡಿದ ಅಧಿಕಾರಿ ತಾನೊಂದು ಕಾಸು ಮುಟ್ಟದಿದ್ದರೂ ಅಪರಾಧಿಯಾಗಬಹುದಿತ್ತು. ಕಲ್ಲಿದ್ದಲಿನ ಮೊಕದ್ದಮೆಗಳಲ್ಲಿ ಮಾಜಿ ಕಾರ್ಯದರ್ಶಿಯೊಬ್ಬರಿಗೆ 2017ರಲ್ಲಿ ಶಿಕ್ಷೆಯಾದಾಗ ಇಲ್ಲಿಯ ಕಾರಿಡಾರುಗಳಲ್ಲಿ ಹಬ್ಬಿದ ಮೌನವನ್ನು ನಾನು ಬಲ್ಲೆ. ಹೆಚ್ಚಿನ ಬೆಲೆಗೆ ಒಳ್ಳೆಯದನ್ನು ಕೊಂಡವನನ್ನು ಪ್ರಶ್ನಿಸುತ್ತಾರೆ. ಕಡಿಮೆ ಬೆಲೆಗೆ ಕೆಟ್ಟದ್ದನ್ನು ಕೊಂಡವನು ನಿಶ್ಚಿಂತೆಯಿಂದ ನಿವೃತ್ತನಾಗುತ್ತಾನೆ. 2021ರ ಅಕ್ಟೋಬರಿನಲ್ಲಿ ಹಣಕಾಸು ಸಚಿವಾಲಯ ಕಾಮಗಾರಿಗಳಲ್ಲಿಯೂ ಸಲಹೇತರ ಸೇವೆಗಳಲ್ಲಿಯೂ ಗುಣಕ್ಕೆ ಗರಿಷ್ಠ ಶೇಕಡ 30ರಷ್ಟು ತೂಕ ಕೊಡಬಹುದೆಂದು ಹೇಳಿತು. ಬಾಗಿಲು ಇಷ್ಟಾದರೂ ತೆರೆಯಿತೆನ್ನೋಣ. ಆದರೆ ಆ 30 ಅಂಕಗಳನ್ನು ಹಾಕಬಲ್ಲ ಕಣ್ಣು ಕಛೇರಿಯೊಳಗೆ ಇಲ್ಲದಿದ್ದರೆ ತೂಕ ಎಷ್ಟಾದರೇನು?

ಜೋಡಣೆಯ ವಿಷಯಕ್ಕೆ ಬರುತ್ತೇನೆ. ಬಿಡಿಭಾಗಗಳನ್ನು ಕೂಡಿಸಿ, ಪರೀಕ್ಷಿಸಿ, ಉಪಗ್ರಹವನ್ನು ಇಡಿಯಾಗಿ ನಿಲ್ಲಿಸುವ ಕೆಲಸವನ್ನು ಖಾಸಗಿಯವರು ಮಾಡಲಾರರೆಂಬುದು ಸುಳ್ಳು. 2017ರ ಐಆರ್‌ಎನ್‌ಎಸ್‌ಎಸ್-1ಎಚ್ ಮತ್ತು 2018ರ 1ಐ ಉಪಗ್ರಹಗಳನ್ನು ಬೆಂಗಳೂರಿನ ಆಲ್ಫಾ ಡಿಸೈನ್ ಮುಂದಾಳಾಗಿದ್ದ ಒಕ್ಕೂಟ ಇಸ್ರೋದ ಎಂಜಿನಿಯರುಗಳ ಕಣ್ಣೆದುರಿನಲ್ಲಿಯೇ ಜೋಡಿಸಿತು. 1ಎಚ್ ನಷ್ಟವಾದದ್ದು ರಾಕೆಟ್ಟಿನ ಉಷ್ಣ ಕವಚ ಬೇರ್ಪಡದೆ. ಜೋಡಿಸಿದವರ ತಪ್ಪು ಅದರಲ್ಲಿರಲಿಲ್ಲ. ಆದರೆ ಆ ಉಪಗ್ರಹ ಏಕೆ ಬೇಕಾಗಿತ್ತೆಂಬುದನ್ನು ಗಮನಿಸಿ. ನಮ್ಮ ಪಥದರ್ಶಕ ಸರಣಿಯ ಮೊದಲ ಉಪಗ್ರಹದ ಮೂರು ರುಬಿಡಿಯಂ ಪರಮಾಣು ಗಡಿಯಾರಗಳೂ ಕೆಟ್ಟುಹೋಗಿದ್ದವು. ಅವು ಸ್ವಿಟ್ಜರ್ಲೆಂಡಿನಿಂದ ಕೊಂಡು ತಂದವು. ಅದೇ ಕಂಪನಿಯ ಗಡಿಯಾರಗಳು ಯುರೋಪಿನ ಗೆಲಿಲಿಯೊ ಉಪಗ್ರಹಗಳಲ್ಲಿಯೂ ನಿಂತಿದ್ದವು. ಸೇನೆಗೆ ಪ್ರತ್ಯೇಕ ಗುಪ್ತ ಸೇವೆಯಿರುವ ವ್ಯವಸ್ಥೆಯ ಹೃದಯವೇ ಹೊರಗಿನದು! ಸ್ವದೇಶಿ ಗಡಿಯಾರ ಮೊದಲು ಹಾರಿದ್ದು 2023ರ ಮೇ ತಿಂಗಳಲ್ಲಿ, ಎನ್‌ವಿಎಸ್-01ರಲ್ಲಿ. ಅದನ್ನು ಮಾಡಿದವರು ಅಹಮದಾಬಾದಿನ ಇಸ್ರೋ ಕೇಂದ್ರದ ವಿಜ್ಞಾನಿಗಳು. ಯಾವ ಟೆಂಡರಿನ ಯಾವ ಕನಿಷ್ಠ ದರವೂ ಅದನ್ನು ತಂದುಕೊಡಲಿಲ್ಲ.

ಇದೆಲ್ಲ ಹಳೆಯ ಕಥೆಯೆಂದು ಮಿತ್ರರು ನಗಬಹುದು. 2024ರ ಅಕ್ಟೋಬರಿನಲ್ಲಿ ಕಣ್ಗಾವಲು ಉಪಗ್ರಹಗಳ ಮೂರನೆಯ ಹಂತಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿತು: 52 ಉಪಗ್ರಹಗಳು, ಸುಮಾರು 27,000 ಕೋಟಿ ರೂಪಾಯಿ. ಅವುಗಳಲ್ಲಿ 21 ಇಸ್ರೋದ ಪಾಲು, 31 ಖಾಸಗಿಯವರ ಪಾಲು. 31 ಉಪಗ್ರಹಗಳನ್ನು ಖಾಸಗಿಯವರು ಕಟ್ಟಲಿ, ನನಗೆ ಸಂತೋಷವೇ. ಅವರಲ್ಲಿ ನಮ್ಮ ಬೆಂಗಳೂರಿನ ಹುಡುಗ ಹುಡುಗಿಯರೂ ಇರುತ್ತಾರೆ. ಆದರೆ 2019ರಲ್ಲಿ ಅದೇ ಬೆಂಗಳೂರಿನಲ್ಲಿ ನೆಲೆಗೊಂಡ ರಕ್ಷಣಾ ಬಾಹ್ಯಾಕಾಶ ಸಂಸ್ಥೆಯಲ್ಲಿ, ಎರಡು ಮೂರು ವರ್ಷಕ್ಕೊಮ್ಮೆ ವರ್ಗವಾಗದೆ ಹದಿನೈದು ವರ್ಷ ಒಂದೇ ವಿದ್ಯೆಯಲ್ಲಿ ಪಳಗುವ ಎಂಜಿನಿಯರುಗಳ ಒಂದು ಪಡೆ ಇರಬೇಕು. ಪ್ರತಿಯೊಂದು ಕರಾರಿನಲ್ಲಿಯೂ ಪರೀಕ್ಷೆಯ ಮೂಲ ದತ್ತಾಂಶ ಸರ್ಕಾರದ ಸ್ವತ್ತೆಂದು ಬರೆದಿರಬೇಕು. ಮೊದಲ ಉಪಗ್ರಹ ಸೋತರೆ ಎರಡನೆಯದರ ಹಣ ಎಲ್ಲಿಂದ ಎಂಬುದು ಸಹಿ ಹಾಕುವ ಮೊದಲೇ ಗೊತ್ತಿರಬೇಕು. ಇವು ರಹಸ್ಯದ ಮಾತುಗಳಲ್ಲ. ಇವನ್ನು ಸಂಸತ್ತಿನಲ್ಲಿ ಕೇಳಿದರೆ ಯಾವ ಶತ್ರುವಿಗೂ ಯಾವ ಗುಟ್ಟೂ ದಕ್ಕುವುದಿಲ್ಲ.

ಅಂದು ಗೋಷ್ಠಿ ಮುಗಿದು ಉಪ್ಪಿಟ್ಟು ಕಾಫಿಯ ಹೊತ್ತಿನಲ್ಲಿ ನಾನು ಆ ಮಿತ್ರರನ್ನು ಒಂದೇ ಪ್ರಶ್ನೆ ಕೇಳಿದೆ: "ನೀವು ಕಟ್ಟಿದ ಉಪಗ್ರಹ ಹಾರಲು ಯೋಗ್ಯವೆಂದು ಕೊನೆಯ ಸಹಿ ಹಾಕುವವರು ಯಾರು?" ಅವರು ಲೋಟವನ್ನು ಕೆಳಗಿಟ್ಟು, "ನಮ್ಮ ಕಂಪನಿಯ ಗುಣಮಟ್ಟ ವಿಭಾಗವೇ ಬಹಳ ಬಿಗಿಯಾಗಿದೆ, ಸಾರ್" ಎಂದರು.